ಕೆನಡಾದ ಫುಟ್‌ಬಾಲಿನಲ್ಲಿ ವೈಡ್ ರಿಸೀವರ್ ಆಗಿ ನೆಲೆಯೂರುವ ಬಗೆ

2018ರ ಋತುವಿನಲ್ಲಿ ಆಟವಾ ರೆಡ್‌ಬ್ಲಾಕ್ಸ್ ತಂಡದ ರಿಸೀವರ್, ಅಂದರೆ ಎಸೆದ ಚೆಂಡನ್ನು ಓಡಿ ಹಿಡಿಯುವ ಆಟಗಾರ, ಬ್ರಾಡ್ ಸಿನೊಪೋಲಿ 116 ಕ್ಯಾಚುಗಳನ್ನು ಹಿಡಿದರು. ಕೆನಡಾದ ಆಟಗಾರನೊಬ್ಬ ಒಂದೇ ಋತುವಿನಲ್ಲಿ ಅಷ್ಟು ಕ್ಯಾಚು ಹಿಡಿದದ್ದು ಕೆನಡಿಯನ್ ಫುಟ್‌ಬಾಲ್ ಲೀಗಿನಲ್ಲಿ ಅದುವರೆಗೆ ಇರಲಿಲ್ಲ. ಆದರೆ ಆ ದಾಖಲೆಯನ್ನು ಋತುವಿನ 18 ಪಂದ್ಯಗಳಿಗೆ ಹಂಚಿ ನೋಡಿದರೆ ಪಂದ್ಯವೊಂದಕ್ಕೆ ಆರೂವರೆಯೂ ಬರುವುದಿಲ್ಲ. ಒಂದು ಪಂದ್ಯದಲ್ಲಿ ತಂಡದ ಆಕ್ರಮಣ ಪಡೆ ಐವತ್ತಕ್ಕೂ ಹೆಚ್ಚು ಸಲ ಕಣಕ್ಕೆ ಇಳಿಯುತ್ತದೆ ಎಂದಾದರೆ, ದಾಖಲೆ ಬರೆದ ವರ್ಷದಲ್ಲೂ ಆ ರಿಸೀವರ್ ಪಂದ್ಯಕ್ಕೆ ನಲವತ್ತಕ್ಕೂ ಹೆಚ್ಚು ಸಲ ಬರಿಗೈಯಲ್ಲಿ ಓಡಿದ್ದಾರೆ, ತಳ್ಳಿದ್ದಾರೆ, ಎದುರಾಳಿಯನ್ನು ತನ್ನತ್ತ ಸೆಳೆದು ಬೇರೊಬ್ಬನಿಗೆ ಜಾಗ ಬಿಡಿಸಿಕೊಟ್ಟಿದ್ದಾರೆ. ಈ ವೃತ್ತಿಗೆ ಬರಬೇಕೆನ್ನುವವರು ಮೊದಲು ಮನಸ್ಸಿಗೆ ತಂದುಕೊಳ್ಳಬೇಕಾದ ಲೆಕ್ಕ ಇದು. ಚೆಂಡು ತನ್ನ ಕಡೆಗೆ ಬಾರದ ಹೊತ್ತಿನಲ್ಲಿ ರಿಸೀವರ್ ಏನು ಮಾಡುತ್ತಾನೆ ಎಂಬುದನ್ನು ನೋಡಿಯೇ ತರಬೇತುದಾರರು ಅವನನ್ನು ಉಳಿಸಿಕೊಳ್ಳುತ್ತಾರೆ ಅಥವಾ ಮನೆಗೆ ಕಳುಹಿಸುತ್ತಾರೆ. ಮುಂದೆ ಹೇಳುವ ಸಲಹೆಗಳೆಲ್ಲವೂ ಈ ಒಂದು ಮಾತಿಗೆ ಹೊಂದಿಕೊಂಡಿವೆ.

ಅಂಗಳವನ್ನು ಅರಿತುಕೊಳ್ಳಿ

ದೂರದರ್ಶನದಲ್ಲಿ ಅಮೆರಿಕದ ಆಟವನ್ನು ನೋಡಿ ಬೆಳೆದವರು ಕೆನಡಾದ ಆಟವನ್ನು ಅದರದೇ ಇನ್ನೊಂದು ರೂಪವೆಂದು ಭಾವಿಸುತ್ತಾರೆ. ರಿಸೀವರ್‌ನ ಮಟ್ಟಿಗೆ ಇದು ಬಹುತೇಕ ಬೇರೆಯೇ ಕೆಲಸ. ಅಂಗಳದ ಅಗಲ 65 ಯಾರ್ಡ್. ಅಮೆರಿಕದ ಅಂಗಳಕ್ಕಿಂತ ಹನ್ನೊಂದು ಯಾರ್ಡಿಗೂ ಹೆಚ್ಚು. ಒಂದೊಂದು ಕಡೆ ಆಡುವವರು ಹನ್ನೆರಡು ಮಂದಿ. ಆ ಹನ್ನೆರಡನೆಯವನು ಆಕ್ರಮಣ ಪಡೆಯಲ್ಲಿ ಬಹುಮಟ್ಟಿಗೆ ಇನ್ನೊಬ್ಬ ರಿಸೀವರ್ ಆಗಿರುತ್ತಾನೆ. ಹತ್ತು ಯಾರ್ಡ್ ಮುನ್ನಡೆಯಲು ಸಿಗುವುದು ಮೂರು ಡೌನ್‌ಗಳು, ಅಂದರೆ ಮೂರು ಪ್ರಯತ್ನಗಳು ಮಾತ್ರ. ಮೂರನೆಯ ಡೌನಿನಲ್ಲಿ ಸಾಮಾನ್ಯವಾಗಿ ಚೆಂಡನ್ನು ಪಂಟ್ ಮಾಡುತ್ತಾರೆ (ದೂರಕ್ಕೆ ಒದ್ದು ಎದುರಾಳಿಗೆ ಬಿಟ್ಟುಕೊಡುತ್ತಾರೆ) ಅಥವಾ ಗೋಲುಕಂಬಗಳ ನಡುವೆ ಹಾಯಿಸಿ ಅಂಕ ಪಡೆಯಲು ಫೀಲ್ಡ್ ಗೋಲಿಗೆ ಒದೆಯುತ್ತಾರೆ. ಅಂದರೆ ನಿಜವಾಗಿ ಕೈಯಲ್ಲಿರುವುದು ಎರಡೇ ಅವಕಾಶ. ಮೊದಲನೆಯ ಡೌನಿನಲ್ಲಿ ಓಟದ ಆಟ ಎರಡು ಯಾರ್ಡಿಗೆ ನಿಂತುಬಿಟ್ಟರೆ ಎರಡನೆಯದರಲ್ಲಿ ಎಂಟು ಯಾರ್ಡ್ ಬೇಕು, ಮತ್ತು ಅದನ್ನು ಎಸೆದೇ ಪಡೆಯಬೇಕೆಂದು ಕ್ರೀಡಾಂಗಣದಲ್ಲಿ ಕುಳಿತ ಪ್ರತಿಯೊಬ್ಬನಿಗೂ ಗೊತ್ತಿರುತ್ತದೆ.

ಈ ಕಾರಣದಿಂದ ಕೆನಡಾದ ರಿಸೀವರ್ ರೂಢಿಸಿಕೊಳ್ಳಬೇಕಾದ ಮೊದಲ ಅಭ್ಯಾಸವೆಂದರೆ ಪ್ರತಿ ಸಲ ಸಾಲಿಗೆ ಬಂದು ನಿಲ್ಲುವ ಮುನ್ನ ಹೊಸ ಡೌನಿಗೆ ಎಷ್ಟು ಯಾರ್ಡ್ ಬೇಕೆಂದು ನೋಡಿಕೊಳ್ಳುವುದು. ಎಂಟು ಯಾರ್ಡ್ ಬೇಕಿರುವಾಗ ಏಳು ಯಾರ್ಡಿಗೆ ತಿರುಗಿ ಚೆಂಡು ಹಿಡಿದವನು ತನ್ನ ಅಂಕಿಅಂಶಕ್ಕೆ ಒಂದು ಕ್ಯಾಚು ಸೇರಿಸಿಕೊಂಡಿರುತ್ತಾನೆಯೇ ಹೊರತು ತಂಡಕ್ಕೆ ಏನನ್ನೂ ಕೊಟ್ಟಿರುವುದಿಲ್ಲ. ಮರುಗಳಿಗೆಯಲ್ಲಿ ಪಂಟ್ ಪಡೆ ಅಂಗಳಕ್ಕೆ ಬರುತ್ತದೆ. ಶಾಲೆಯ ಮಟ್ಟದಲ್ಲೇ ಈ ಎಚ್ಚರವನ್ನು ಮೈಗೂಡಿಸಿಕೊಂಡ ಹುಡುಗನನ್ನು ಗುರುತಿಸುವುದು ತರಬೇತುದಾರರಿಗೆ ಕಷ್ಟವಲ್ಲ, ಏಕೆಂದರೆ ಅವನು ಗುರುತಿನ ಕಂಬವನ್ನು ದಾಟಿದ ಮೇಲೆಯೇ ತಿರುಗುತ್ತಾನೆ.

ನಿಯಮಗಳು ಈಗ ಬದಲಾಗುತ್ತಿವೆ ಎಂಬುದನ್ನೂ ಗಮನದಲ್ಲಿಡಬೇಕು. ಉದ್ದಕ್ಕೆ 110 ಯಾರ್ಡ್ ಇರುವ ಅಂಗಳವನ್ನು 2027ರಿಂದ 100 ಯಾರ್ಡಿಗೆ ಇಳಿಸುವುದಾಗಿಯೂ, ಅಂಗಳದ ತುದಿಯಲ್ಲಿ ಅಂಕ ಗಳಿಸುವ ಜಾಗವಾದ 20 ಯಾರ್ಡ್ ಆಳದ ಎಂಡ್ ಜೋನನ್ನು 15ಕ್ಕೆ ತಗ್ಗಿಸುವುದಾಗಿಯೂ, ಗೋಲುಕಂಬಗಳನ್ನು ಮುಂದಿನ ಗೆರೆಯಿಂದ ಹಿಂದಿನ ಗೆರೆಗೆ ಸರಿಸುವುದಾಗಿಯೂ ಲೀಗು 2025ರ ಸೆಪ್ಟೆಂಬರಿನಲ್ಲಿ ಪ್ರಕಟಿಸಿತು. ಎಂಡ್ ಜೋನಿನ ನಡುವೆ ಓಡುವ ರಿಸೀವರ್‌ಗೆ ಇದುವರೆಗೆ ಕಂಬ ಒಮ್ಮೆ ಅಡ್ಡಿಯಾಗುತ್ತಿತ್ತು, ಒಮ್ಮೆ ತನ್ನನ್ನು ಕಾಯುವವನನ್ನು ಸಿಕ್ಕಿಸುವ ಆಸರೆಯಾಗುತ್ತಿತ್ತು. ಅದು ಇನ್ನು ಹಿಂದಕ್ಕೆ ಹೋಗುತ್ತದೆ. ಅಗಲ, ಮೂರು ಡೌನ್, ಹನ್ನೆರಡು ಆಟಗಾರರು ಎಂಬ ಮೂಲ ಲೆಕ್ಕ ಹಾಗೆಯೇ ಉಳಿಯುವುದರಿಂದ ಕಸುಬಿನ ತಿರುಳು ಬದಲಾಗದೆಂದೇ ನನ್ನ ಎಣಿಕೆ.

ವಾಗಲ್ ಎಂಬ ವಿದ್ಯೆ

ಕೆನಡಾದ ಆಟದಲ್ಲಿ ಸಾಲಿನ ಹಿಂದೆ ನಿಂತ ರಿಸೀವರ್‌ಗಳು, ಚೆಂಡು ಸ್ನ್ಯಾಪ್ ಆಗುವ (ಸೆಂಟರ್ ಅದನ್ನು ಹಿಂದಕ್ಕೆ ಬಿಟ್ಟು ಆಟ ಶುರುಮಾಡುವ) ಮುನ್ನವೇ, ಯಾವ ದಿಕ್ಕಿಗೆ ಬೇಕಾದರೂ ಓಡಬಹುದು; ಮುಂದಕ್ಕೂ ಓಡಬಹುದು. ಸ್ನ್ಯಾಪ್ ಆಗುವ ಕ್ಷಣದಲ್ಲಿ ಅವರು ಎರಡು ಪಡೆಗಳನ್ನು ಬೇರ್ಪಡಿಸುವ ಗೆರೆಯನ್ನು ದಾಟಿರಬಾರದು ಎಂಬುದಷ್ಟೇ ಕಟ್ಟಳೆ. ಹೀಗೆ ಹಿಂದಿನಿಂದ ಓಡುತ್ತಾ ಬಂದು, ಗೆರೆಯನ್ನು ಮುಟ್ಟುವ ಹೊತ್ತಿಗೆ ಪೂರ್ಣ ವೇಗದಲ್ಲಿರುವುದಕ್ಕೆ ವಾಗಲ್ ಎನ್ನುತ್ತಾರೆ. ಇದರ ಸಂಪೂರ್ಣ ಲಾಭ ಸಿಗುವುದು ಒಳಗಡೆ ನಿಲ್ಲುವ ಸ್ಲಾಟ್‌ಬ್ಯಾಕ್‌ಗಳಿಗೆ. ಸಾಲಿನ ಎರಡು ತುದಿಗಳಲ್ಲಿ ನಿಲ್ಲುವ ವೈಡ್ ರಿಸೀವರ್‌ಗಳು ಗೆರೆಯ ಉದ್ದಕ್ಕೆ ಪಕ್ಕಕ್ಕೆ ಸರಿಯಬಹುದೇ ಹೊರತು, ಹಿಂದಿನಿಂದ ಓಡಿಬಂದು ವೇಗ ಕೂಡಿಸಿಕೊಳ್ಳುವ ಸೌಕರ್ಯ ಅವರಿಗಿಲ್ಲ. ಈ ವ್ಯತ್ಯಾಸವನ್ನು ಹೊಸಬರು ಕಡೆಗಣಿಸುತ್ತಾರೆ. ಆದರೆ ಯಾರು ಯಾವ ಸ್ಥಾನಕ್ಕೆ ಹೊಂದುತ್ತಾರೆ ಎಂಬುದು ನಿರ್ಧಾರವಾಗುವುದೇ ಇಲ್ಲಿ. ನಿಂತಲ್ಲಿಂದ ಎರಡು ಹೆಜ್ಜೆಗೆ ವೇಗ ಪಡೆದುಕೊಂಡು, ಎದುರಾಳಿಯ ಕೈತಡೆಯನ್ನು ಬಿಡಿಸಿಕೊಂಡು ಹೋಗಬಲ್ಲವನು ತುದಿಯ ಸ್ಥಾನಕ್ಕೆ. ಓಡುತ್ತಲೇ ರಕ್ಷಣಾ ಪಡೆಯ ನಿಲುವನ್ನು ಓದಿ, ಅವರ ನಡುವಿನ ಬಿರುಕನ್ನು ಕಂಡುಕೊಳ್ಳಬಲ್ಲವನು ಒಳಗಿನ ಸ್ಥಾನಕ್ಕೆ.

ವಾಗಲ್ ಕಲಿಯುವಾಗ ಕಷ್ಟವಾಗುವುದು ವೇಗವಲ್ಲ, ಹೊತ್ತು. ಅರ್ಧ ಹೆಜ್ಜೆ ಮುಂಚೆ ಗೆರೆ ದಾಟಿದರೆ ಆಫ್‌ಸೈಡ್. ತಂಡ ಐದು ಯಾರ್ಡ್ ಕಳೆದುಕೊಳ್ಳುತ್ತದೆ, ಮತ್ತು ಎರಡೇ ಅವಕಾಶವಿರುವ ಆಟದಲ್ಲಿ ಐದು ಯಾರ್ಡ್ ಎಂದರೆ ಆ ಸರದಿಯೇ ಮುಗಿದ ಹಾಗೆ. ತಪ್ಪು ಮಾಡಬಾರದೆಂಬ ಅಂಜಿಕೆಯಿಂದ ಗೆರೆಯ ಹತ್ತಿರ ವೇಗ ತಗ್ಗಿಸಿದರೆ ಓಡಿಬಂದದ್ದೇ ವ್ಯರ್ಥ. ಆದ್ದರಿಂದ ಚೆಂಡು ಎಸೆಯುವ ನಿಮ್ಮ ಕ್ವಾರ್ಟರ್‌ಬ್ಯಾಕ್ ಯಾವ ಲಯದಲ್ಲಿ ಕೂಗುತ್ತಾನೆ, ಯಾವ ಕೂಗಿಗೆ ಸೆಂಟರ್ ಚೆಂಡು ಬಿಡುತ್ತಾನೆ, ಗದ್ದಲ ಹೆಚ್ಚಿರುವ ಎದುರಾಳಿಯ ಅಂಗಳದಲ್ಲಿ ಕೂಗಿನ ಬದಲು ಯಾವ ಸನ್ನೆ ಬಳಸುತ್ತಾನೆ ಎಂಬುದನ್ನೆಲ್ಲ ಪಾಠದಂತೆ ಕಲಿಯಬೇಕು. ಅಭ್ಯಾಸಕ್ಕೆ ಹೀಗೆ ಮಾಡಬಹುದು: ಗೆರೆಯಿಂದ ಹತ್ತು ಯಾರ್ಡ್ ಹಿಂದೆ ನಿಂತು, ಗೆಳೆಯನೊಬ್ಬ ಕೂಗುವ ಲಯಕ್ಕೆ ಓಡಿ, ಪ್ರತಿ ಸಲವೂ ಮೊಬೈಲಿನಲ್ಲಿ ಪಕ್ಕದಿಂದ ಚಿತ್ರೀಕರಿಸಿಕೊಳ್ಳಿ. ಸ್ನ್ಯಾಪಿನ ಕ್ಷಣದಲ್ಲಿ ನಿಮ್ಮ ಮುಂಗಾಲು ಗೆರೆಯಿಂದ ಎಷ್ಟು ಹಿಂದಿತ್ತೆಂದು ನೋಡಿ. ಒಂದು ಯಾರ್ಡಿನೊಳಗೆ ಬರುವವರೆಗೆ ಬಿಡಬೇಡಿ. ಈ ಅಭ್ಯಾಸಕ್ಕೆ ಚೆಂಡೇ ಬೇಕಿಲ್ಲ. ಬಹುಶಃ ಅದಕ್ಕಾಗಿಯೇ ಬಹಳ ಮಂದಿ ಇದನ್ನು ಮಾಡುವುದಿಲ್ಲ.

ಇನ್ನೊಂದು ಮಾತು. ವಾಗಲಿನಲ್ಲಿ ಓಡುವವನು ತನಗಾಗಿ ಮಾತ್ರ ಓಡುವುದಿಲ್ಲ. ಮೂವರು ಒಟ್ಟಿಗೆ ಅಡ್ಡಾದಿಡ್ಡಿಯಾಗಿ ಓಡತೊಡಗಿದಾಗ ರಕ್ಷಣಾ ಪಡೆಯವರು ಯಾರು ಯಾರನ್ನು ಹಿಡಿಯಬೇಕೆಂದು ಕೈಸನ್ನೆ ಮಾಡಿಕೊಳ್ಳತೊಡಗುತ್ತಾರೆ. ಆ ಸನ್ನೆಯಿಂದಲೇ ಅವರು ಆಟಗಾರನನ್ನು ಹಿಂಬಾಲಿಸುತ್ತಿದ್ದಾರೆಯೇ ಅಥವಾ ಜಾಗವನ್ನು ಕಾಯುತ್ತಿದ್ದಾರೆಯೇ ಎಂಬುದು ಕ್ವಾರ್ಟರ್‌ಬ್ಯಾಕ್‌ಗೆ ತಿಳಿಯುತ್ತದೆ. ನಿಮಗೆ ಚೆಂಡು ಬರುವುದಿಲ್ಲವೆಂದು ಗೊತ್ತಿದ್ದರೂ ಪೂರ್ಣ ಮನಸ್ಸಿನಿಂದ ಓಡಿದರೆ ಮಾತ್ರ ಈ ಮೋಸ ಫಲಿಸುತ್ತದೆ. ಸೋಮಾರಿಯಾಗಿ ಓಡುವ ರಿಸೀವರ್‌ನನ್ನು ಅವನನ್ನು ಕಾಯುವ ವೃತ್ತಿಪರ ಡಿಫೆನ್ಸಿವ್ ಬ್ಯಾಕ್ ಒಂದೇ ನೋಟಕ್ಕೆ ಲೆಕ್ಕದಿಂದ ತೆಗೆದುಹಾಕುತ್ತಾನೆ.

ಕೈ ಮತ್ತು ಕಾಲು

ಚೆಂಡು ಎದೆಗಿಂತ ಮೇಲೆ ಬಂದರೆ ಹೆಬ್ಬೆರಳುಗಳು ಕೂಡಿರಬೇಕು, ಕೆಳಗೆ ಬಂದರೆ ಕಿರುಬೆರಳುಗಳು ಕೂಡಿರಬೇಕು, ಮೈಗೆ ತಾಗಿಸದೆ ಬೆರಳುಗಳಲ್ಲೇ ಹಿಡಿಯಬೇಕು, ಹಿಡಿದ ಮೇಲೆ ಅಂಗೈಗೆ ಸೇರುವವರೆಗೆ ಕಣ್ಣು ತೆಗೆಯಬಾರದು. ಇಷ್ಟನ್ನು ಎಲ್ಲರೂ ಹೇಳುತ್ತಾರೆ. ಯಂತ್ರ ಎಸೆಯುವ ಚೆಂಡುಗಳನ್ನು ದಿನಕ್ಕೆ ನೂರಾರು ಹಿಡಿದು ಕೈ ಪಳಗಿಸಿಕೊಳ್ಳುವುದು ಒಳ್ಳೆಯದೇ. ಆದರೆ ಯಂತ್ರ ಒಂದೇ ವೇಗದಲ್ಲಿ, ಒಂದೇ ಎತ್ತರದಲ್ಲಿ, ನೀವು ಸಿದ್ಧರಾಗಿರುವಾಗಲೇ ಎಸೆಯುತ್ತದೆ. ಅಕ್ಟೋಬರ್ ಕೊನೆಯ ರೆಜಿನಾದಲ್ಲಿ ಬಯಲುಸೀಮೆಯ ಗಾಳಿಗೆ ಚೆಂಡು ಓಲಾಡುತ್ತಾ ಬರುತ್ತದೆ; ವಿನ್ನಿಪೆಗ್‌ನ ಚಳಿಯಲ್ಲಿ ಚೆಂಡು ಕಲ್ಲಿನಂತೆ ಗಟ್ಟಿಯಾಗಿ ಬೆರಳುಗಳಿಗೆ ಬಡಿಯುತ್ತದೆ. ಲೀಗಿನ ಋತು ಜೂನಿನಲ್ಲಿ ಆರಂಭವಾಗಿ, ಗ್ರೇ ಕಪ್ ಫೈನಲ್ ನವೆಂಬರಿನಲ್ಲಿ ನಡೆಯುವುದರಿಂದ ಬಹುಮುಖ್ಯ ಪಂದ್ಯಗಳೆಲ್ಲ ಬರುವುದು ಚಳಿ ಹಿಡಿದ ಮೇಲೆಯೇ. ಬೇಸಿಗೆಯ ಬಿಸಿಲಿನಲ್ಲಿ ಮಾತ್ರ ಅಭ್ಯಾಸ ಮಾಡಿದ ಕೈ ಆಗ ಕೈಕೊಡುತ್ತದೆ. ತಣ್ಣಗಿನ, ಒದ್ದೆಯಾದ ಚೆಂಡಿನಿಂದಲೂ, ನಿಮ್ಮನ್ನು ಯಾರಾದರೂ ಪಕ್ಕದಿಂದ ನೂಕುತ್ತಿರುವಾಗಲೂ ಹಿಡಿಯುವ ಅಭ್ಯಾಸವಿರಲಿ.

ಕೆನಡಾದ ನಿಯಮದಲ್ಲಿ ಕ್ಯಾಚು ಸಿಂಧುವಾಗಲು ಒಂದು ಪಾದ ಅಂಗಳದೊಳಗೆ ಊರಿದ್ದರೆ ಸಾಕು. ಅಮೆರಿಕದ ವೃತ್ತಿಪರ ಲೀಗಿನಲ್ಲಿ ಎರಡೂ ಪಾದಗಳು ಬೇಕು. ಅಂಚಿನ ಗೆರೆಯ ಬಳಿ ಇದು ದೊಡ್ಡ ಅನುಕೂಲ. ಅಲ್ಲಿಂದ ಬಂದವರು ಎರಡು ಪಾದ ಎಳೆದು ಊರುವ ಹಳೆಯ ರೂಢಿಯಿಂದ ಅರ್ಧ ಯಾರ್ಡ್ ಮೊದಲೇ ಹಾರಿಬಿಡುವುದುಂಟು. ಇಲ್ಲಿಂದ ಅಲ್ಲಿಗೆ ಹೋಗುವ ಕನಸಿರುವವರು ಮಾತ್ರ ಎರಡನ್ನೂ ಅಭ್ಯಾಸ ಮಾಡಿಕೊಳ್ಳಬೇಕು.

ಓಟದ ದಾರಿಗಳ ವಿಷಯದಲ್ಲಿ, ಅಂದರೆ ರೂಟ್‌ಗಳ ವಿಷಯದಲ್ಲಿ, ಹಿಚ್, ಸ್ಲ್ಯಾಂಟ್, ಔಟ್, ಕರ್ಲ್, ಡಿಗ್, ಕಾರ್ನರ್, ಪೋಸ್ಟ್, ಗೋ ಇವುಗಳ ಹೆಸರು ಎಲ್ಲ ಕಡೆಯೂ ಒಂದೇ. ಆದರೆ 65 ಯಾರ್ಡ್ ಅಗಲದ ಅಂಗಳದಲ್ಲಿ ಅಗಲವಾದ ಬದಿಯಲ್ಲಿ (ಚೆಂಡಿನಿಂದ ಅಂಚಿನ ಗೆರೆ ಹೆಚ್ಚು ದೂರವಿರುವ ಕಡೆ) ನಿಂತ ರಿಸೀವರ್‌ಗೆ ಎಸೆಯುವ ಔಟ್ ಗಾಳಿಯಲ್ಲಿ ಬಹಳ ಹೊತ್ತು ಇರುತ್ತದೆ, ಅಷ್ಟರಲ್ಲಿ ಕಾವಲುಗಾರ ಬಂದು ಮುಟ್ಟುತ್ತಾನೆ. ಈ ಕಾರಣಕ್ಕೆ ಅಗಲ ಬದಿಯ ತುದಿಯ ಸ್ಥಾನಕ್ಕೆ ಚೆಂಡು ಕಡಿಮೆ ಬರುವುದು ಹಳೆಯ ವಾಡಿಕೆ, ಮತ್ತು ಅದೇ ಕಾರಣಕ್ಕೆ ಅನೇಕ ತಂಡಗಳು ಆ ಸ್ಥಾನವನ್ನು ಕೆನಡಾದ ಆಟಗಾರನಿಗೆ ಬಿಟ್ಟುಕೊಡುತ್ತಾ ಬಂದಿವೆ. ಇದನ್ನು ಅವಮಾನವೆಂದು ತಿಳಿಯುವವರಿದ್ದಾರೆ. ನಾನು ಹಾಗೆ ನೋಡುವುದಿಲ್ಲ. ಅದು ಒಳಗೆ ಕಾಲಿಡಲು ತೆರೆದಿರುವ ಬಾಗಿಲು. ಅಲ್ಲಿ ಒಂದು ವರ್ಷ ಚೆನ್ನಾಗಿ ತಡೆಯೊಡ್ಡಿ, ಬಂದ ನಾಲ್ಕಾರು ಚೆಂಡುಗಳನ್ನು ಬಿಡದೆ ಹಿಡಿದವನನ್ನು ಮರುವರ್ಷ ಒಳಗಿನ ಸ್ಥಾನಕ್ಕೆ ತರುತ್ತಾರೆ.

ಯಾವ ವರ್ಗದ ಆಟಗಾರ ಎಂಬ ಪ್ರಶ್ನೆ

ಲೀಗಿನ ಒಂಬತ್ತು ತಂಡಗಳ ಪಟ್ಟಿಗಳಲ್ಲಿ ಆಟಗಾರರನ್ನು ನ್ಯಾಷನಲ್, ಅಮೆರಿಕನ್, ಗ್ಲೋಬಲ್ (ಇತರ ದೇಶಗಳವರು) ಎಂಬ ವರ್ಗಗಳಲ್ಲಿ ಹಂಚುತ್ತಾರೆ. ಮೊದಲ ಒಪ್ಪಂದಕ್ಕೆ ಸಹಿ ಹಾಕುವಾಗ ಕೆನಡಾದ ಪೌರನಾಗಿದ್ದವನು, ಅಥವಾ ಹದಿನೆಂಟು ತುಂಬುವ ಮುನ್ನ ಒಟ್ಟು ಐದು ವರ್ಷ ಕೆನಡಾದಲ್ಲಿ ವಾಸವಾಗಿದ್ದವನು ನ್ಯಾಷನಲ್ ಎನಿಸುತ್ತಾನೆ. ಎರಡೂ ಪಡೆಗಳ ಇಪ್ಪತ್ತನಾಲ್ಕು ಆರಂಭಿಕ ಆಟಗಾರರಲ್ಲಿ ಕನಿಷ್ಠ ಏಳು ಮಂದಿ ನ್ಯಾಷನಲ್ ಆಗಿರಬೇಕೆಂಬುದು ದೀರ್ಘಕಾಲ ನಡೆದುಬಂದ ಲೆಕ್ಕ. 2022ರ ಒಪ್ಪಂದದ ನಂತರ ಎಣಿಸುವ ಬಗೆ ತುಸು ಬದಲಾಗಿದೆ, ತತ್ತ್ವ ಬದಲಾಗಿಲ್ಲ. ನಿಮ್ಮ ಕಾಗದಪತ್ರಗಳನ್ನು ಹದಿನೇಳನೆಯ ವಯಸ್ಸಿನಲ್ಲೇ ಸರಿಪಡಿಸಿಟ್ಟುಕೊಳ್ಳಿ. ಮಾಂಟ್ರಿಯಲ್ ಅಲುವೆಟ್ಸ್ ತಂಡದಲ್ಲಿ 1,017 ಕ್ಯಾಚು ಹಿಡಿದ ಬೆನ್ ಕಹೂನ್ ಹುಟ್ಟಿದ್ದು ಅಮೆರಿಕದ ಯೂಟಾ ರಾಜ್ಯದ ಓರೆಮ್‌ನಲ್ಲಿ. ಆದರೂ ಅವರು ಆಡಿದ್ದು ಕೆನಡಾದ ಆಟಗಾರನ ಲೆಕ್ಕದಲ್ಲಿ. ವರ್ಗದ ಹೆಸರು ಒಂದು ಪದಕವಲ್ಲ, ಆದರೆ ತಂಡದ ಪಟ್ಟಿ ಕಟ್ಟುವವನ ಕೈಯಲ್ಲಿ ಅದಕ್ಕೆ ದೊಡ್ಡ ಬೆಲೆಯಿದೆ.

ಅಮೆರಿಕನ್ನರ ದಾರಿ ಬೇರೆ. ಅವರು ತಮ್ಮ ದೇಶದ ಕಾಲೇಜು ಫುಟ್‌ಬಾಲ್ ಮುಗಿಸಿ, ಅಲ್ಲಿನ ವೃತ್ತಿಪರ ಶಿಬಿರವೊಂದರಲ್ಲಿ ಕೈಬಿಡಲ್ಪಟ್ಟು, ನೆಗೋಷಿಯೇಷನ್ ಲಿಸ್ಟಿನಲ್ಲಿ (ಮಾತುಕತೆಯ ಹಕ್ಕನ್ನು ತಂಡ ಕಾದಿರಿಸಿಕೊಂಡ ಆಟಗಾರರ ಪಟ್ಟಿಯಲ್ಲಿ) ತಮ್ಮ ಹೆಸರಿಟ್ಟುಕೊಂಡ ಕೆನಡಾದ ತಂಡದ ಕರೆಗೆ ಬರುವುದೇ ಹೆಚ್ಚು. ಮಿಲ್ಟ್ ಸ್ಟೀಗಲ್ ಅಮೆರಿಕದ ವೃತ್ತಿಪರ ಲೀಗಿನ ಸಿನ್ಸಿನಾಟಿ ತಂಡದಲ್ಲಿ ಮೂರು ಋತು ಕಳೆದ ನಂತರ 1995ರಲ್ಲಿ ವಿನ್ನಿಪೆಗ್ ಬ್ಲೂ ಬಾಂಬರ್ಸ್‌ಗೆ ಬಂದರು, 2008ರವರೆಗೆ ಅಲ್ಲೇ ಆಡಿ 147 ಟಚ್‌ಡೌನ್‌ಗಳೊಂದಿಗೆ (ಚೆಂಡನ್ನು ಎಂಡ್ ಜೋನಿಗೆ ಮುಟ್ಟಿಸಿ ಅಂಕ ಗಳಿಸುವುದು) ನಿವೃತ್ತರಾದರು. 2006ರ ಜುಲೈನಲ್ಲಿ ಎಡ್ಮಂಟನ್ ವಿರುದ್ಧ, ಸಮಯ ಮುಗಿಯುತ್ತಿದ್ದ ಕೊನೆಯ ಆಟದಲ್ಲಿ ಅವರು ಮುಗಿಸಿದ ನೂರು ಯಾರ್ಡಿನ ಟಚ್‌ಡೌನ್ ಈಗಲೂ ಆ ಊರಿನವರ ಬಾಯಲ್ಲಿದೆ. ಅಮೆರಿಕನ್ ರಿಸೀವರ್‌ಗೆ ಇಲ್ಲಿ ಕಾಯುವ ಅವಕಾಶವಿಲ್ಲ. ಬಂದ ವರ್ಷವೇ ಚೆಂಡು ಹಿಡಿದು ತೋರಿಸದಿದ್ದರೆ ಅವನ ಸ್ಥಾನಕ್ಕೆ ಹತ್ತು ಮಂದಿ ಸಾಲಿನಲ್ಲಿರುತ್ತಾರೆ. 2022ರಲ್ಲಿ ವಿನ್ನಿಪೆಗ್‌ಗೆ ಬಂದ ಡಾಲ್ಟನ್ ಶೋನ್ ತಮ್ಮ ಮೊದಲ ಋತುವಿನಲ್ಲೇ 1,441 ಯಾರ್ಡ್ ಗಳಿಸಿ ಇಡೀ ಲೀಗಿಗೆ ಮೊದಲಿಗರಾದದ್ದು ಆ ಒತ್ತಡಕ್ಕೆ ಸಿಕ್ಕ ಅಪರೂಪದ ಉತ್ತರ.

ಶಾಲೆಯಿಂದ ಡ್ರಾಫ್ಟಿನವರೆಗೆ

ಕೆನಡಾದಲ್ಲಿ ಬೆಳೆಯುತ್ತಿರುವ ಹುಡುಗ ಎಲ್ಲಿ ಆಡುತ್ತಾನೆ ಎಂಬುದು ಅವನ ಪ್ರಾಂತ್ಯವನ್ನು ಅವಲಂಬಿಸಿದೆ. ಬ್ರಿಟಿಷ್ ಕೊಲಂಬಿಯಾದ ಪ್ರೌಢಶಾಲೆಗಳು ಅಮೆರಿಕದ ನಾಲ್ಕು ಡೌನ್‌ಗಳ ನಿಯಮದಲ್ಲೇ ಆಡುತ್ತವೆ. ಸಸ್ಕಾಚೆವಾನಿನ ಸಣ್ಣ ಊರುಗಳಲ್ಲಿ ಆರು ಅಥವಾ ಒಂಬತ್ತು ಮಂದಿಯ ತಂಡಗಳಿವೆ. ಕ್ವಿಬೆಕ್‌ನಲ್ಲಿ ಪ್ರೌಢಶಾಲೆ ಮತ್ತು ವಿಶ್ವವಿದ್ಯಾಲಯದ ನಡುವೆ ಸೇಜೆಪ್ ಎಂಬ ಕಾಲೇಜುಗಳ ತಂಡಗಳಿವೆ. ಆರು ಮಂದಿಯ ಆಟದಿಂದ ಬಂದವನಿಗೆ ಹನ್ನೆರಡು ಮಂದಿಯ ಗೊಂದಲ ಅಭ್ಯಾಸವಾಗಲು ಒಂದು ವರ್ಷವೇ ಬೇಕಾಗಬಹುದು, ಅದಕ್ಕೆ ಧೃತಿಗೆಡಬೇಕಾಗಿಲ್ಲ. ಪ್ರೌಢಶಾಲೆಯ ನಂತರ ನೇರವಾಗಿ ವಿಶ್ವವಿದ್ಯಾಲಯದ ತಂಡ ಸಿಗದವರಿಗೆ ಇಪ್ಪತ್ತೆರಡರವರೆಗೆ ಜೂನಿಯರ್ ಲೀಗು ಇದೆ.

ವಿಶ್ವವಿದ್ಯಾಲಯಗಳ ಆಟವನ್ನು ಯು ಸ್ಪೋರ್ಟ್ಸ್ ನಡೆಸುತ್ತದೆ. ಅದರ ಅಂತಿಮ ಪ್ರಶಸ್ತಿ ವೇನಿಯರ್ ಕಪ್. ಅಲ್ಲಿ ಐದು ವರ್ಷ ಆಡಬಹುದು. ತಂಡವನ್ನು ಆರಿಸಿಕೊಳ್ಳುವಾಗ ಗೆಲುವಿನ ಪಟ್ಟಿಗಿಂತ ಎರಡು ಸಂಗತಿಗಳನ್ನು ವಿಚಾರಿಸಿ: ಆ ತಂಡ ಪಂದ್ಯಕ್ಕೆ ಎಷ್ಟು ಸಲ ಎಸೆಯುತ್ತದೆ, ಮತ್ತು ಅಲ್ಲಿನ ಪದವಿ ನಿಮಗೆ ಮುಂದೆ ಉಪಯೋಗಕ್ಕೆ ಬರುತ್ತದೆಯೇ. ಎರಡನೆಯ ಪ್ರಶ್ನೆ ಏಕೆಂಬುದು ಹಣದ ಮಾತು ಬಂದಾಗ ತಿಳಿಯುತ್ತದೆ.

ಸಿನೊಪೋಲಿ ಆಟವಾ ವಿಶ್ವವಿದ್ಯಾಲಯದಲ್ಲಿ ಆಡುತ್ತಿದ್ದದ್ದು ಕ್ವಾರ್ಟರ್‌ಬ್ಯಾಕ್ ಆಗಿ. 2010ರಲ್ಲಿ ದೇಶದ ಅತ್ಯುತ್ತಮ ವಿಶ್ವವಿದ್ಯಾಲಯ ಆಟಗಾರನಿಗೆ ಕೊಡುವ ಹೆಕ್ ಕ್ರೈಟನ್ ಪಾರಿತೋಷಕ ಅವರಿಗೆ ಸಿಕ್ಕಿತು. ಮರುವರ್ಷ ಕ್ಯಾಲ್ಗರಿ ಸ್ಟ್ಯಾಂಪೀಡರ್ಸ್ ಅವರನ್ನು ಆರಿಸಿಕೊಂಡಿತು, ಆಮೇಲೆ ಅವರು ರಿಸೀವರ್ ಆದರು. ದೇಶಕ್ಕೇ ಮೊದಲಿಗನೆನಿಸಿಕೊಂಡ ಜಾಗವನ್ನು ಬಿಟ್ಟುಕೊಟ್ಟು ಹೊಸ ಜಾಗದಲ್ಲಿ ಮೊದಲಿನಿಂದ ಕಲಿಯಲು ಒಪ್ಪುವುದು ಸುಲಭದ ಮಾತಲ್ಲ. ಕ್ವಾರ್ಟರ್‌ಬ್ಯಾಕ್ ಏನನ್ನು ನೋಡುತ್ತಾನೆಂದು ಬಲ್ಲ ರಿಸೀವರ್ ಸರಿಯಾದ ಬಿರುಕಿನಲ್ಲಿ ನಿಂತು ಕಾಯುತ್ತಾನೆ. ಅವರ ಕ್ಯಾಚುಗಳ ಸಂಖ್ಯೆಗೆ ಇದೂ ಒಂದು ಕಾರಣವೆಂದು ನಾನು ನಂಬಿದ್ದೇನೆ. ನೀವೂ ವಾರಕ್ಕೊಮ್ಮೆ ನಿಮ್ಮ ಕ್ವಾರ್ಟರ್‌ಬ್ಯಾಕ್ ಜೊತೆ ಕುಳಿತು ಪಂದ್ಯದ ವಿಡಿಯೋವನ್ನು ಅವನ ಕಣ್ಣಿನಿಂದ ನೋಡಿ.

ಕಂಬೈನ್ ಎಂಬ ಪರೀಕ್ಷೆಯ ಬಗ್ಗೆ ಬಹಳ ಹೇಳಬೇಕಾಗಿಲ್ಲ. 40 ಯಾರ್ಡ್ ಓಟ, ನಿಂತಲ್ಲಿಂದ ಮೇಲೆ ಮತ್ತು ಮುಂದೆ ಜಿಗಿತ, 225 ಪೌಂಡ್ ತೂಕವನ್ನು ಎತ್ತುವ ಬೆಂಚ್ ಪ್ರೆಸ್, ದಿಕ್ಕು ಬದಲಿಸುವ ಓಟಗಳು. ಇವನ್ನು ಮೂರು ತಿಂಗಳ ಅಭ್ಯಾಸದಿಂದ ಸುಧಾರಿಸಿಕೊಳ್ಳಬಹುದು. ತಂಡದವರು ನಿಜವಾಗಿ ನೋಡುವುದು ಒಬ್ಬನ ಎದುರು ಒಬ್ಬನನ್ನು ನಿಲ್ಲಿಸಿ ಆಡಿಸುವ ಭಾಗವನ್ನು. ಅಲ್ಲಿ ಒಮ್ಮೆ ಸೋತರೆ ಪರವಾಗಿಲ್ಲ. ಸೋತ ಮೇಲೆ ಮತ್ತೆ ಸಾಲಿಗೆ ಬಂದು, ಅದೇ ಎದುರಾಳಿಯನ್ನು ಕೇಳಿಕೊಂಡು, ಬೇರೆ ರೀತಿಯಲ್ಲಿ ಬಿಡಿಸಿಕೊಂಡರೆ ಅದನ್ನು ಬರೆದುಕೊಳ್ಳುತ್ತಾರೆ. ತಂಡಗಳು ಸರದಿಯಂತೆ ಹೊಸ ಆಟಗಾರರನ್ನು ಆರಿಸಿಕೊಳ್ಳುವ ಡ್ರಾಫ್ಟ್ ಎಂಟು ಸುತ್ತುಗಳದು. ಯಾವ ಸುತ್ತಿನಲ್ಲಿ ಹೆಸರು ಬಂತೆಂಬ ಚಿಂತೆ ಮೇ ತಿಂಗಳ ತರಬೇತಿ ಶಿಬಿರದ ಮೊದಲ ದಿನಕ್ಕೆ ಮುಗಿಯುತ್ತದೆ.

ಶಿಬಿರದಲ್ಲಿ ಉಳಿಯುವುದು

ಹೊಸ ನ್ಯಾಷನಲ್ ರಿಸೀವರ್ ಮೊದಲ ವರ್ಷ ತಂಡದಲ್ಲಿ ಉಳಿಯುವುದು ಸ್ಪೆಷಲ್ ಟೀಮ್ಸ್‌ನಿಂದ, ಅಂದರೆ ಒದೆಯುವ ಆಟಗಳಿಗೆ ಕಣಕ್ಕಿಳಿಯುವ ಪಡೆಗಳಿಂದ. ಕೆನಡಾದ ಆಟದಲ್ಲಿ ಒದೆಯುವ ಆಟಗಳ ತೂಕ ಬಹಳ ಹೆಚ್ಚು. ಡೌನ್‌ಗಳು ಕಡಿಮೆಯಾದ್ದರಿಂದ ಪಂಟ್‌ಗಳು ಹೆಚ್ಚು. ಓಡುವುದಿಲ್ಲವೆಂದು ಸನ್ನೆ ಮಾಡಿ ನಿರಾತಂಕವಾಗಿ ಚೆಂಡು ಹಿಡಿಯುವ ಫೇರ್ ಕ್ಯಾಚ್ ಎಂಬ ನಿಯಮವೇ ಇಲ್ಲದ್ದರಿಂದ ಬಂದ ಪಂಟನ್ನು ಸಾಮಾನ್ಯವಾಗಿ ಎತ್ತಿಕೊಂಡು ಓಡಬೇಕು. ಚೆಂಡು ಹಿಡಿಯುವವನ ಸುತ್ತ ಐದು ಯಾರ್ಡ್ ಬಿಡದೆ ಮುಂದೆ ನುಗ್ಗಿದರೆ ದಂಡ. ಒದ್ದ ಚೆಂಡಿನ ಹಿಂದೆ ಅಂಗಳದ ಉದ್ದಕ್ಕೂ ಓಡಿ, ಆ ಐದು ಯಾರ್ಡಿನ ಅಂಚಿನಲ್ಲಿ ತನ್ನನ್ನು ತಾನೇ ತಡೆದು ನಿಲ್ಲಿಸಿ, ಮರುಕ್ಷಣ ಚೆಂಡು ಹಿಡಿದವನನ್ನು ಟ್ಯಾಕಲ್ ಮಾಡಿ ಕೆಡವುವುದು ರಿಸೀವರ್‌ಗಳು ಚಿಕ್ಕಂದಿನಿಂದ ಮಾಡದ ಕೆಲಸ. ಅದಕ್ಕಾಗಿಯೇ ಅದನ್ನು ವಿಶ್ವವಿದ್ಯಾಲಯದ ವರ್ಷಗಳಲ್ಲೇ ಕೇಳಿ ಪಡೆದುಕೊಳ್ಳಿ. ತಾರೆಯಾಗಿರುವ ರಿಸೀವರ್‌ನನ್ನು ಅಲ್ಲಿನ ತರಬೇತುದಾರರು ಪಂಟ್ ಪಡೆಗೆ ಹಾಕಲು ಹಿಂಜರಿಯುತ್ತಾರೆ. ನೀವೇ ಹೋಗಿ ಕೇಳಬೇಕು. ಟ್ಯಾಕಲ್ ಮಾಡಿದ ವಿಡಿಯೋ ಇಲ್ಲದ ರಿಸೀವರ್‌ನನ್ನು ಐದನೆಯ ಸುತ್ತಿನಲ್ಲಿ ಆರಿಸಲು ತಂಡಕ್ಕೆ ಕಾರಣವೇ ಇರುವುದಿಲ್ಲ.

ಒದ್ದ ಚೆಂಡನ್ನು ಹಿಡಿದು ಓಡುವ ಕೌಶಲವಿದ್ದರೆ ಇನ್ನೂ ಒಳ್ಳೆಯದು. ಟೊರಾಂಟೊ ಆರ್ಗೊನಾಟ್ಸ್‌ನ ಚಾಡ್ ಓವೆನ್ಸ್ 2012ರಲ್ಲಿ ರಿಸೀವರ್ ಆಗಿಯೂ ಚೆಂಡು ಮರಳಿಸುವವನಾಗಿಯೂ ಒಟ್ಟು 3,863 ಯಾರ್ಡ್ ಗಳಿಸಿ ಲೀಗಿನ ಅತ್ಯುತ್ತಮ ಆಟಗಾರನೆನಿಸಿಕೊಂಡರು.

ಶಿಬಿರದ ಎರಡನೆಯ ಗುಟ್ಟು ಎಲ್ಲ ಐದು ರಿಸೀವರ್ ಸ್ಥಾನಗಳ ಕೆಲಸವನ್ನೂ ಕಲಿತಿರುವುದು. ಸ್ಲಾಟ್‌ಬ್ಯಾಕ್ ಒಬ್ಬನಿಗೆ ಕಣಕಾಲು ಉಳುಕಿದಾಗ ತರಬೇತುದಾರ ಹಿಂದಕ್ಕೆ ತಿರುಗಿ ನೋಡುವುದು ಅತಿ ವೇಗದವನನ್ನಲ್ಲ, ಆ ಆಟದಲ್ಲಿ ಎಲ್ಲಿ ನಿಲ್ಲಬೇಕೆಂದು ಕೇಳದೆ ಹೋಗಿ ನಿಲ್ಲಬಲ್ಲವನನ್ನು. ರಾತ್ರಿ ಪ್ಲೇಬುಕ್ ಓದುವಾಗ ನಿಮ್ಮ ಒಂದು ಗೆರೆಯನ್ನಷ್ಟೇ ನೋಡದೆ, ಐವರ ಗೆರೆಗಳನ್ನೂ ಖಾಲಿ ಹಾಳೆಯ ಮೇಲೆ ನೆನಪಿನಿಂದ ಬರೆಯಿರಿ. ತಡೆಯೊಡ್ಡುವುದು ಮೂರನೆಯದು. ಓಟದ ಆಟದಲ್ಲಿ ಒಳಗಿನ ರಿಸೀವರ್ ತನಗಿಂತ ಮೂವತ್ತು ಪೌಂಡ್ ಭಾರದ ಲೈನ್‌ಬ್ಯಾಕರ್‌ಗೆ ಅಡ್ಡ ಹೋಗಬೇಕಾಗುತ್ತದೆ. ಅವನನ್ನು ಬೀಳಿಸಬೇಕಾಗಿಲ್ಲ, ಅವನ ಮತ್ತು ಚೆಂಡಿನ ನಡುವೆ ಎರಡು ಸೆಕೆಂಡು ಮೈಯೊಡ್ಡಿ ನಿಂತರೆ ಸಾಕು.

ಮುಖ್ಯ ಪಟ್ಟಿಯಲ್ಲಿ ಸ್ಥಾನ ಸಿಗದವರಿಗೆ ಪ್ರಾಕ್ಟೀಸ್ ರೋಸ್ಟರ್ ಇದೆ. ಸಂಬಳ ಕಡಿಮೆ, ಪಂದ್ಯದ ದಿನ ಪೋಷಾಕಿಲ್ಲ, ಆದರೆ ಪ್ರತಿ ದಿನವೂ ತಂಡದ ಮೊದಲ ದರ್ಜೆಯ ಡಿಫೆನ್ಸಿವ್ ಬ್ಯಾಕ್‌ಗಳ ಎದುರು ಆಡಬಹುದು. ಮೊದಲ ವರ್ಷ ಅದನ್ನು ಒಪ್ಪಿಕೊಳ್ಳುವುದರಲ್ಲಿ ನಷ್ಟವಿಲ್ಲ.

ತಾಳ್ಮೆ ಯಾವಾಗ ಫಲ ಕೊಡುತ್ತದೆಂದು ಮೊದಲೇ ತಿಳಿಯುವುದಿಲ್ಲ. ಬ್ರಿಟಿಷ್ ಕೊಲಂಬಿಯಾದ ಡೆಲ್ಟಾ ಊರಿನ ಟೈಸನ್ ಫಿಲ್ಪಾಟ್ ಕ್ಯಾಲ್ಗರಿ ವಿಶ್ವವಿದ್ಯಾಲಯದಿಂದ 2022ರಲ್ಲಿ ಮಾಂಟ್ರಿಯಲ್‌ಗೆ ಬಂದರು. 2023ರ ಗ್ರೇ ಕಪ್ ಫೈನಲ್‌ನಲ್ಲಿ ವಿನ್ನಿಪೆಗ್ ಮುಂದಿದ್ದಾಗ, ಗಡಿಯಾರದಲ್ಲಿ 13 ಸೆಕೆಂಡು ಉಳಿದಿದ್ದಾಗ ಅವರು ಹಿಡಿದ ಟಚ್‌ಡೌನ್‌ನಿಂದ ಮಾಂಟ್ರಿಯಲ್ 28–24ರಿಂದ ಗೆದ್ದಿತು. ಆ ಸರದಿಯಲ್ಲೇ ಅದಕ್ಕೂ ಮೊದಲು ಮೂರನೆಯ ಡೌನಿನಲ್ಲಿ ಕೋಲ್ ಸ್ಪೀಕರ್ ಚೆಂಡು ಹಿಡಿದು ಆಟವನ್ನು ಜೀವಂತವಾಗಿಟ್ಟಿರದಿದ್ದರೆ ಫಿಲ್ಪಾಟ್‌ಗೆ ಆ ಎಸೆತವೇ ಬರುತ್ತಿರಲಿಲ್ಲ.

ಹಣದ ಲೆಕ್ಕ

2022ರ ಮೇ ತಿಂಗಳಲ್ಲಿ ಕೆಲವೇ ದಿನಗಳ ಮುಷ್ಕರದ ಬಳಿಕ ಆಟಗಾರರ ಸಂಘಕ್ಕೂ ಲೀಗಿಗೂ ಏಳು ವರ್ಷಗಳ ಒಪ್ಪಂದವಾಯಿತು. ಅದರಂತೆ 2023ರಿಂದ ಕನಿಷ್ಠ ಸಂಬಳ ವರ್ಷಕ್ಕೆ 70,000 ಕೆನಡಾ ಡಾಲರ್. ಇದು ಋತು ಪೂರ್ತಿ ಮುಖ್ಯ ಪಟ್ಟಿಯಲ್ಲಿದ್ದವನ ಲೆಕ್ಕ. ಸಂಬಳ ಪಂದ್ಯಗಳ ಲೆಕ್ಕದಲ್ಲಿ ಬರುತ್ತದೆ, ಆಗಸ್ಟಿನಲ್ಲಿ ಕೈಬಿಟ್ಟರೆ ಅಲ್ಲಿಗೆ ನಿಲ್ಲುತ್ತದೆ. ಹೊಸ ಆಟಗಾರನ ಒಪ್ಪಂದದಲ್ಲಿ ಖಾತ್ರಿಯ ಭಾಗ ಇಲ್ಲವೆಂದೇ ಇಟ್ಟುಕೊಂಡು ಖರ್ಚು ಯೋಜಿಸಬೇಕು. ಡಿಸೆಂಬರಿನಿಂದ ಮೇ ತಿಂಗಳವರೆಗೆ ಬೇರೆ ಕೆಲಸ ಮಾಡುವ ಆಟಗಾರರು ಈ ಲೀಗಿನಲ್ಲಿ ಎಂದಿನಿಂದಲೂ ಇದ್ದಾರೆ, ಅದರಲ್ಲಿ ನಾಚಿಕೆಪಡುವಂಥದ್ದೇನೂ ಇಲ್ಲ. ಪದವಿಯ ಪ್ರಶ್ನೆಯನ್ನು ಹಿಂದೆ ಎತ್ತಿದ್ದು ಇದಕ್ಕಾಗಿ.

ಏಜೆಂಟನನ್ನು ಗೊತ್ತುಮಾಡುವಾಗ ಆಟಗಾರರ ಸಂಘದಲ್ಲಿ ನೋಂದಾಯಿಸಿಕೊಂಡವನೇ ಎಂದು ನೋಡಿ, ಅವನ ಬಳಿ ಇರುವ ಇಬ್ಬರು ಸಾಧಾರಣ ಆಟಗಾರರನ್ನು ಮಾತನಾಡಿಸಿ. ತಾರೆಯರನ್ನು ಎಲ್ಲರೂ ಚೆನ್ನಾಗಿ ನೋಡಿಕೊಳ್ಳುತ್ತಾರೆ. ಒಪ್ಪಂದ ಮುಗಿದವರು ಫೆಬ್ರವರಿಯಲ್ಲಿ ಬೇರೆ ತಂಡಗಳೊಂದಿಗೆ ಮಾತಾಡಬಹುದು. ಆಗ ಹೆಚ್ಚು ಹಣಕ್ಕೆ ತಂಡ ಬದಲಿಸುವ ಮುನ್ನ ಆ ತಂಡದ ಕ್ವಾರ್ಟರ್‌ಬ್ಯಾಕ್ ಯಾರು, ಅವನ ಒಪ್ಪಂದ ಎಷ್ಟು ವರ್ಷವಿದೆ ಎಂದು ಕೇಳಿ. ಒಳ್ಳೆಯ ಎಸೆತಗಾರನಿಲ್ಲದ ತಂಡದಲ್ಲಿ ಒಂದು ವರ್ಷ ಕಳೆದ ರಿಸೀವರ್‌ನ ಬೆಲೆ ಮರುವರ್ಷ ಇಳಿದಿರುತ್ತದೆ.

ದೇಹ, ಮತ್ತು ಬಿಡುವ ಹೊತ್ತು

ರಿಸೀವರ್‌ನ ತೊಡೆಯ ಹಿಂಭಾಗದ ಸ್ನಾಯು ಅವನ ಬಂಡವಾಳ. ವಾಗಲಿನ ಆಟದಲ್ಲಿ ಪೂರ್ಣ ವೇಗದ ಓಟಗಳ ಸಂಖ್ಯೆ ಹೆಚ್ಚು, ಅದೂ ಚೆಂಡು ಬಾರದ ಓಟಗಳು. ಆದ್ದರಿಂದ ಋತುವಿನ ನಡುವೆಯೂ ಆ ಸ್ನಾಯುವನ್ನು ಬಲಪಡಿಸುವ ವ್ಯಾಯಾಮವನ್ನು ಬಿಡಬಾರದು. ಸಣ್ಣ ಸೆಳೆತವನ್ನು ಬಚ್ಚಿಟ್ಟು ಆಡಿದವನು ಒಂದು ಪಂದ್ಯದ ಬದಲು ಆರು ಪಂದ್ಯ ಕಳೆದುಕೊಳ್ಳುತ್ತಾನೆ. ತಂಡಗಳಿಗೆ ಗಾಯಾಳುಗಳನ್ನು ಆರು ಪಂದ್ಯಗಳ ಪಟ್ಟಿಗೆ ಸೇರಿಸುವ ಸೌಲಭ್ಯವಿದೆ, ಮತ್ತು ಆ ಪಟ್ಟಿಯಲ್ಲಿರುವವನ ಜಾಗದಲ್ಲಿ ಬೇರೊಬ್ಬ ತನ್ನನ್ನು ತೋರಿಸಿಕೊಳ್ಳಲು ಆರು ಪಂದ್ಯ ಸಾಕು. ತಲೆಗೆ ಬಿದ್ದ ಪೆಟ್ಟಿನ ವಿಷಯದಲ್ಲಿ ಲೆಕ್ಕಾಚಾರವೇ ಬೇಡ: ಕಣ್ಣು ಮಂಜಾದರೆ, ಆಟದ ಕೂಗು ನೆನಪಾಗದಿದ್ದರೆ, ಯಾರೂ ಕೇಳುವ ಮುನ್ನ ನೀವೇ ವೈದ್ಯರಿಗೆ ಹೇಳಿ. ನಿಮ್ಮ ಪಕ್ಕದವನಲ್ಲಿ ಅದನ್ನು ಕಂಡರೆ ಅವನ ಪರವಾಗಿಯೂ ಹೇಳಿ.

ಮೂವತ್ತು ದಾಟಿದ ಮೇಲೆ ವೇಗ ಇಳಿಯುತ್ತದೆ, ಆದರೆ ರಿಸೀವರ್‌ನ ಬಾಳಿಕೆ ಅಲ್ಲಿಗೆ ಮುಗಿಯಬೇಕೆಂದಿಲ್ಲ. 1,051 ಕ್ಯಾಚುಗಳೊಂದಿಗೆ ಲೀಗಿನ ದಾಖಲೆ ಬರೆದ ನಿಕ್ ಲೂಯಿಸ್ ಎಂದೂ ಓಟದ ವೇಗಕ್ಕೆ ಹೆಸರಾದವರಲ್ಲ. ಗಟ್ಟಿ ಮೈಕಟ್ಟಿನಿಂದ ಎದುರಾಳಿಯನ್ನು ಬೆನ್ನಿಗೆ ಹಾಕಿಕೊಂಡು, ಬೇಕಾದಷ್ಟೇ ಯಾರ್ಡಿನಲ್ಲಿ ತಿರುಗಿ ಹಿಡಿಯುವುದು ಅವರ ಬಗೆ. 16,352 ಯಾರ್ಡ್ ಗಳಿಸಿದ ಜೆರಾಯ್ ಸೈಮನ್ ನಿವೃತ್ತಿಯ ನಂತರ ಆಟಗಾರರನ್ನು ಆರಿಸುವ ಕಚೇರಿ ಕೆಲಸಕ್ಕೆ ಹೋದರು, ಸ್ಟೀಗಲ್ ದೂರದರ್ಶನದ ವಿಶ್ಲೇಷಕರಾದರು, ಕಹೂನ್ ತರಬೇತುದಾರರಾದರು. ಈ ಮೂರು ಕೆಲಸಗಳಿಗೂ ಬೇಕಾದದ್ದು ಐವರ ಗೆರೆಗಳನ್ನೂ ಬಲ್ಲ ತಲೆ. ಮೂವತ್ತೆರಡನೆಯ ವಯಸ್ಸಿನಲ್ಲಿ ತಂಡವೊಂದು ಪ್ರಾಕ್ಟೀಸ್ ರೋಸ್ಟರಿನ ಸ್ಥಾನ ಕೊಡುತ್ತೇನೆಂದರೆ, ಹೊಸ ರಿಸೀವರ್‌ಗಳಿಗೆ ಕಲಿಸುವ ಹೊಣೆಯನ್ನೂ ಕೊಡುವಿರಾ ಎಂದು ಕೇಳಿ ನೋಡಿ. ಹೌದೆಂದರೆ ಹೋಗಬಹುದು. ಇಲ್ಲವೆಂದರೆ ಅದೇ ವಾರ ವಿಶ್ವವಿದ್ಯಾಲಯದ ತಂಡಗಳಿಗೆ ತರಬೇತುದಾರನ ಅರ್ಜಿ ಹಾಕಿ. ಅವರು ಆಗಸ್ಟ್ ಆರಂಭವಾಗುವ ಮುನ್ನವೇ ಆ ಜಾಗಗಳನ್ನು ತುಂಬಿಕೊಳ್ಳುತ್ತಾರೆ.